ಪಕ್ಕದ ಜಾಗ

ಕಲ್ಲಿನ ಹಿಂಬದಿಯನ್ನು ಯಾರೂ ನೋಡುವುದಿಲ್ಲ. ಇಷ್ಟು ವರ್ಷ ಸಮಾಧಿಕಲ್ಲುಗಳ ಮೇಲೆ ಅಕ್ಷರ ಕೆತ್ತಿ ಅವನು ಕಲಿತ ಗುಟ್ಟು ಅದು. ಜನ ಬರುತ್ತಾರೆ, ಸತ್ತವರ ಹೆಸರು ಸರಿಯಾಗಿದೆಯೇ ಎಂದು ಮೂಗು ತಾಗುವಷ್ಟು ಹತ್ತಿರ ನಿಂತು ಓದುತ್ತಾರೆ, ಕಣ್ಣೊರೆಸಿಕೊಳ್ಳುತ್ತಾರೆ, ಹೋಗುತ್ತಾರೆ. ಹಿಂದೆ ಏನಿದೆ ಎಂದು ಇವತ್ತಿನವರೆಗೆ ಒಬ್ಬನೂ ಬಗ್ಗಿ ನೋಡಿದ್ದಿಲ್ಲ. ಅವನ ಶೆಡ್ಡಿನ ಮೂಲೆಯಲ್ಲಿ ಕೆಟ್ಟ ಕಲ್ಲುಗಳದ್ದೇ ಒಂದು ಸಾಲು ಗೋಡೆಗೆ ಒರಗಿ ನಿಂತಿರುತ್ತಿತ್ತು. ಉಳಿ ಜಾರಿ ಹೆಸರಿನ ಕಾಲು ಮುರಿದದ್ದು, ಇಸವಿ ತಪ್ಪಿದ್ದು, ಅಣ್ಣತಮ್ಮಂದಿರು ಜಗಳವಾಡಿಕೊಂಡು ಒಯ್ಯದೇ ಬಿಟ್ಟದ್ದು. ಚರ್ಚಿನ ಸಭೆಯಲ್ಲಿ ಬಡವರು ಯಾರಾದರೂ ತೀರಿಕೊಂಡರೆ ಅದರಲ್ಲೊಂದನ್ನು ತಿರುಗಿಸಿ, ಹಿಂಬದಿ ನುಣುಪು ಮಾಡಿ, ಹೊಸ ಹೆಸರು ಕೆತ್ತಿ, ಒಂದು ಕಾಸೂ ಇಸ್ಕೊಳ್ಳದೆ ಕೊಡುತ್ತಿದ್ದ. ಸಮಾಧಿಯ ಮೇಲೆ ಅಂಗಾತ ಮಲಗಿಸುವ ಕಲ್ಲು, ಹಳೆಯ ಹೆಸರು ಸಿಮೆಂಟಿನ ಕೆಳಗೆ ಮುಚ್ಚಿಹೋಗುತ್ತಿತ್ತು. ಸಭೆಯವರು ಇದನ್ನು ದಾನ ಎನ್ನುತ್ತಿದ್ದರು. ಅವನೂ ಹಾಗೇ ಅಂದುಕೊಂಡಿದ್ದ.

ಹೋದ ಭಾನುವಾರವಂತೂ ಅಯ್ಯನವರು, ಸಭೆಗೆ ಹೊಸದಾಗಿ ಬಂದ ಎಳೆ ವಯಸ್ಸಿನ ಪಾದ್ರಿ, ಮನೆವಾರ್ತೆಯ ವಿಷಯ ತೆಗೆದು ಬೋಧಿಸಿದ್ದರು. ನಮ್ಮ ಕೈಯಲ್ಲಿರುವುದು ಯಾವುದೂ ನಮ್ಮದಲ್ಲ, ಯಜಮಾನ ಬೇರೆ, ನಾವು ಬರೀ ನೋಡಿಕೊಳ್ಳುವವರು, ಕೊಡು ಎಂದಾಗ ಮುಷ್ಟಿ ಬಿಚ್ಚಬೇಕು ಅಷ್ಟೇ. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಪೀಠದ ಮೇಲಿಂದಲೇ ಕೈ ತೋರಿಸಿ, 'ಬೇರೆ ಯಾಕೆ, ನಮ್ಮ ಕಲ್ಲುಮಾವನವರನ್ನೇ ನೋಡಿ' ಎಂದುಬಿಟ್ಟರು. ಬೆಂಚುಗಳು ಕಿರ್ರೆಂದವು, ಇಡೀ ಸಭೆ ತಿರುಗಿ ನೋಡಿತು. ಅವನು ತಲೆ ತಗ್ಗಿಸಿದ. ವಿನಯಕ್ಕೆ ತಗ್ಗಿಸಿದ ಎಂದು ಎಲ್ಲರೂ ತಿಳಿದರು, ಅವನೂ ಹಾಗೆಯೇ ತಿಳಿದ. ಕಿವಿ ಮಾತ್ರ ಇನ್ನೊಂದು ಸಲ ಹೇಳಲಿ ಎಂದು ಕಾಯುತ್ತಿತ್ತು. ಮನೆಗೆ ಬಂದು ಮಗಳ ಹತ್ತಿರ, 'ಆ ಅಯ್ಯನವರಿಗೆ ಎಲ್ಲರ ಮುಂದೆ ಹೇಳೋ ಅವಸರ ಏನಿತ್ತೋ' ಎಂದು ಗೊಣಗಿದ. ಊಟಕ್ಕೆ ಕೂತಾಗಲೂ ಅದನ್ನೇ ಗೊಣಗಿದ. ಅಳಿಯ ಬಂದ ಮೇಲೆ ಅವನಿಗೂ ಕೇಳಿಸುವ ಹಾಗೆ ಗೊಣಗಿದ.

ಇವತ್ತು ಬೆಳಿಗ್ಗೆ ದಾರದಮ್ಮ ಗೋಡೆ ಸವರಿಕೊಂಡು ಶೆಡ್ಡಿನ ಬಾಗಿಲಿಗೆ ಬಂದಾಗ ಅವನಿಗೆ ಆಶ್ಚರ್ಯವಾಗಲಿಲ್ಲ. ಚರ್ಚಿನ ಗೇಟಿನ ಪಕ್ಕ ತಟ್ಟೆಯೊಂದನ್ನು ಮುಂದಿಟ್ಟುಕೊಂಡು ದಾರ, ಗುಂಡಿ, ಸೂಜಿ ಮಾರುವ ಮುದುಕಿ. ಕಣ್ಣು ಹೋಗಿ ಎಷ್ಟೋ ಕಾಲವಾಗಿತ್ತು, ಬೆಳಕಿದೆಯೋ ಕತ್ತಲಿದೆಯೋ ಅಷ್ಟು ತಿಳಿಯುತ್ತಿತ್ತು. ಅವಳಿಗಿದ್ದದ್ದು ಒಬ್ಬಳೇ ಮಗಳು, ಮೂಲೆಯ ಇಸ್ತ್ರಿ ಅಂಗಡಿಯಲ್ಲಿ ದುಡಿಯುತ್ತಿದ್ದ ಹುಡುಗಿ. ಹುಡುಗಿಗೆ ಜ್ವರ ಬಂದಿತ್ತು, ಆಸ್ಪತ್ರೆಗೆ ಸೇರಿಸಿದ್ದರು, ನಿನ್ನೆ ಸಂಜೆ ಚರ್ಚಿನಲ್ಲಿ ಸಾವಿನ ಗಂಟೆ ಬಾರಿಸಿದಾಗ ಅದು ಅವಳಿಗೆ ಎಂದು ಬೀದಿಗೆಲ್ಲ ಗೊತ್ತಾಗಿತ್ತು. ಅವನು ಆಗಲೇ ಎದ್ದು ಮೂಲೆಯ ಸಾಲಿನಿಂದ ಒಂದು ಕಲ್ಲನ್ನು ಎಳೆದು, ತಿರುಗಿಸಿ, ಉಜ್ಜಿ ಇಟ್ಟಿದ್ದ. ಕೇಳುವ ಮೊದಲೇ ಸಿದ್ಧ ಮಾಡಿದ್ದಕ್ಕೆ ತನ್ನ ಮೇಲೆ ತನಗೇ ಮೆಚ್ಚುಗೆಯೂ ಆಗಿತ್ತು.

'ಇದ್ದೀಯೇನಪ್ಪಾ?'

'ಬನ್ನಿ ದಾರದಮ್ಮ, ಹುಷಾರು, ಕಾಲಡಿ ಚೂರುಗಳಿವೆ. ಕಲ್ಲಿನ ಯೋಚನೆ ನೀವು ಮಾಡ್ಲೇಬೇಡಿ. ನಿಮ್ಮ ಹತ್ತಿರ ನಾನು ಏನಾದರೂ ಇಸ್ಕೊಳ್ತೀನಾ?'

'ದೇವರು ನಿನ್ನನ್ನ ಚೆನ್ನಾಗಿಟ್ಟಿರಲಿ' ಎಂದಳು. ಅಳು ಮುಗಿದ ಗಂಟಲು, ಒಣಗಿ ಹೋಗಿತ್ತು. ಕಲ್ಲಿನ ಹತ್ತಿರ ಹೋಗಿ ಅಂಗೈ ಚಾಚಿ ಮೇಲಿಂದ ಕೆಳಗೆ ಸವರಿದಳು. 'ನುಣ್ಣಗೆ ಮಾಡಿದ್ದೀಯ' ಎಂದಳು. ಆಮೇಲೆ, ಏನು ಕೊಟ್ಟರೂ ಹೆಬ್ಬೆರಳಿಗೂ ಬೆರಳುಗಳಿಗೂ ನಡುವೆ ಹಿಡಿದು ದಪ್ಪ ನೋಡುವ ಅಭ್ಯಾಸ ಅವಳದು, ಕೈಯನ್ನು ಕಲ್ಲಿನ ಹಿಂದಕ್ಕೆ ಹಾಕಿದಳು. ಬೆರಳುಗಳು ಅಲ್ಲಿ ನಿಂತವು, ಒಂದು ಅಕ್ಷರದಿಂದ ಇನ್ನೊಂದಕ್ಕೆ ಇಳಿದವು, ಮತ್ತೆ ಹತ್ತಿದವು.

'ಇದರಲ್ಲಿ ಆಗಲೇ ಯಾರೋ ಇದ್ದಾರಲ್ಲಪ್ಪಾ?'

'ಅದು... ಹಳೇದು ಅಮ್ಮಾ. ಕೆಳಗೆ ಹೋಗುತ್ತೆ. ಕಾಣೋದಿಲ್ಲ.'

'ನನಗೆ ಯಾವುದು ತಾನೇ ಕಾಣುತ್ತೆ ಹೇಳು' ಎಂದು ಮುದುಕಿ ನಕ್ಕಳು, ನಿಜವಾಗಿ ನಕ್ಕಳು. 'ಇರಲಿ ಬಿಡು, ಒಳ್ಳೇದೇ ಆಯ್ತು. ಅವಳಿಗೆ ಒಬ್ಬಳೇ ಮಲಗೋಕೆ ಮೊದಲಿಂದಲೂ ಭಯ. ಜೊತೆಗೆ ಒಬ್ಬರಿದ್ದ ಹಾಗಾಯ್ತು.'

ಅವಳು ಚುಚ್ಚಿದ್ದರೆ ಅವನು ತಿರುಗಿ ಒಂದು ಮಾತಾಡಿಬಿಡಬಹುದಿತ್ತು, ಬಿಟ್ಟಿ ಕೊಟ್ಟಿದ್ದಕ್ಕೆ ಇದೊಂದು ಬೇರೆ ಎಂದು ಮನಸ್ಸಿನಲ್ಲಾದರೂ ಬೈದುಕೊಳ್ಳಬಹುದಿತ್ತು. ಅವಳು ಚುಚ್ಚಿರಲಿಲ್ಲ. ಸೆರಗಿನಲ್ಲಿ ಬೆರಳಿನ ಪುಡಿ ಒರೆಸಿಕೊಂಡು, ಸಂಕೋಚದಿಂದ ಕೇಳಿದಳು: 'ಇವತ್ತೇ ಕೆತ್ತಿಬಿಡೋಕೆ ಆಗುತ್ತಾ? ಪೆಟ್ಟಿಗೆ ಜೊತೆ ವ್ಯಾನಿನಲ್ಲೇ ಹೋಗಿಬಿಡುತ್ತೆ. ಹೋಗೋ ಮುಂಚೆ ಒಂದ್ಸಲ ಹೆಸರು ಮುಟ್ಟಿ ನೋಡ್ಕೊಂಡು ಬಿಡ್ತೀನಿ.'

'ವ್ಯಾನ್ ಯಾಕೆ?'

'ಇಲ್ಲಿ ಜಾಗ ಎಲ್ಲಿದೆಯಪ್ಪಾ? ಊರಾಚೆಯ ಮುನಿಸಿಪಾಲಿಟಿ ಸ್ಮಶಾನಕ್ಕೇ. ಬಸ್ಸು ಇಳಿದು ಬಸ್ಸು ಹತ್ತಬೇಕಂತೆ, ಆಮೇಲೆ ಏರು ದಾರಿಯಂತೆ. ಈ ಗೇಟು ಬಿಟ್ಟು ನಾನು ಎಲ್ಲಿಗೆ ಹೋದೇನು? ಇವತ್ತು ಅಯ್ಯನವರು ಕೈಹಿಡಿದು ಕರ್ಕೊಂಡು ಹೋಗ್ತಾರೆ. ಇನ್ನು ಆಮೇಲೆ ಇಲ್ಲ. ಅದಕ್ಕೇ ಇಲ್ಲೇ ಮುಟ್ಟಿ ಮುಗಿಸಿಬಿಡೋಣ ಅಂತ.'

ಅವಳು ಹೋದ ಮೇಲೆ ಉಳಿ ಹಿಡಿದು ಕಲ್ಲಿನ ಮುಂದೆ ಕೂತ. ಕಲ್ಲು ಒಳ್ಳೆಯದೇ, ಉಳಿ ಹರಿತವಾಗಿಯೇ ಇತ್ತು, ಸುತ್ತಿಗೆ ಎತ್ತಿದ ಕೈ ಮಾತ್ರ ಇಳಿಯಲೊಲ್ಲದು. ಅಲ್ಲಿ ಯಾರೋ ಇದ್ದಾರೆ! ಇಷ್ಟು ವರ್ಷ ಅಲ್ಲಿ ಯಾರೂ ಇರಲಿಲ್ಲ, ಬರೀ ಕೆಟ್ಟುಹೋದ ಅಕ್ಷರಗಳಿದ್ದವು. ಈಗ ನೋಡಿದರೆ ಮೂಲೆಯ ಸಾಲಿನ ತುಂಬ ಜನ, ಗೋಡೆಗೆ ಮುಖ ಮಾಡಿ ನಿಂತವರು. ಮನೆಗೆ ಬಂದವರಿಗೆ ನಿನ್ನೆಯ ತಣಿದ ಊಟ ಬಡಿಸಿ ಬಾಗಿಲವರೆಗೆ ಕಳಿಸಿಕೊಟ್ಟು ಹೊಗಳಿಸಿಕೊಂಡ ಹಾಗಾಯಿತಲ್ಲ ಇದು. ಛೀ ಎಂದ. ಸುತ್ತಿಗೆ ಕೆಳಗಿಟ್ಟ. ಕೊಡುವುದಾದರೆ ಹೊಸ ಕಲ್ಲು ಕೊಟ್ಟರಾಯಿತು, ಅದಕ್ಕೇನಂತೆ, ಹೊರಗೆ ಹೊಸ ಚಪ್ಪಡಿಗಳಿವೆ, ಒಳ್ಳೆಯದನ್ನೇ ಆರಿಸಿ ಕೆತ್ತಿಕೊಟ್ಟರೆ ಆಯಿತು. ಎದ್ದು ಹೊರಗೂ ಹೋದ. ಚಪ್ಪಡಿಯ ಮೇಲೆ ಕೈಯಿಟ್ಟ. ಕೆತ್ತಿದ್ದನ್ನು ಅವಳು ಒಂದು ಸಲ ಮುಟ್ಟುತ್ತಾಳೆ, ವ್ಯಾನು ಒಯ್ಯುತ್ತದೆ, ಮುಗಿಯಿತು. ಹೊಸದಾದರೇನು ಹಳೆಯದಾದರೇನು, ಮುದುಕಿಗೆ ಬೇಕಾದದ್ದು ಕಲ್ಲಲ್ಲ. ಬೇಕಾದದ್ದು ಏನು ಎಂದು ಗೊತ್ತಿತ್ತು, ಗೊತ್ತಿದ್ದದ್ದರಿಂದಲೇ ಅವನು ಆ ಕಡೆ ಯೋಚನೆ ಹೋಗದ ಹಾಗೆ ಚಪ್ಪಡಿಗಳನ್ನು ಒಂದೊಂದಾಗಿ ತಟ್ಟಿ ನೋಡುತ್ತಾ ನಿಂತ.

ಚರ್ಚಿನ ಹಿತ್ತಿಲ ಸ್ಮಶಾನದಲ್ಲಿ ಒಂದೇ ಒಂದು ಜಾಗ ಖಾಲಿ ಉಳಿದಿತ್ತು. ಅದು ಅವನದು. ಹೆಂಡತಿಯ ಎಡಗಡೆ. ಅವಳು ಹಾಸಿಗೆ ಹಿಡಿದಾಗಲೇ ಇಬ್ಬರ ಜಾಗವನ್ನೂ ಒಟ್ಟಿಗೆ ಬರೆಸಿಕೊಂಡಿದ್ದ. ಆಮೇಲೆ ಸುತ್ತ ಕಟ್ಟಡಗಳು ಎದ್ದವು, ಗೋಡೆ ಒತ್ತಿ ಬಂತು, ಜಾಗ ಮುಗಿಯಿತು. ಕಾರಿನಲ್ಲಿ ಬರುವವರು ತಮ್ಮ ತಂದೆಗೆ, ತಾಯಿಗೆ ಎಂದು ಅವನ ಶೆಡ್ಡಿಗೆ ಬಂದು ಕೇಳಿದ್ದುಂಟು, 'ನಾನು ಸತ್ತ ಮೇಲೆ ಬಂದು ಕೇಳಿ' ಎಂದು ಕಳಿಸಿದ್ದ. ಇಬ್ಬರಿಗೂ ಸೇರಿ ಅಗಲವಾದ ಒಂದೇ ಕಲ್ಲು ನಿಲ್ಲಿಸಿ, ಅವಳ ಹೆಸರಿನ ಪಕ್ಕ ತನ್ನ ಹೆಸರನ್ನೂ ಕೆತ್ತಿಬಿಟ್ಟಿದ್ದ. ತನ್ನ ನಂತರ ಯಾರೋ ಬಂದು ಮಷೀನಿನಲ್ಲಿ ಗೀಚುವುದು ಅವನಿಗೆ ಬೇಡವಾಗಿತ್ತು. ಹುಟ್ಟಿದ ಇಸವಿ, ಒಂದು ಅಡ್ಡಗೆರೆ, ಆಚೆ ಖಾಲಿ. ಭಾನುವಾರ ಆರಾಧನೆ ಮುಗಿದ ಮೇಲೆ ತನ್ನ ಜಾಗದ ಹುಲ್ಲಿನ ಮೇಲೆ ತಾನೇ ಕೂತು ಅವಳ ಹತ್ತಿರ ಮಾತಾಡುತ್ತಿದ್ದ, ಮೊಮ್ಮಗಳ ಹಲ್ಲು ಬಿತ್ತು, ಶೆಡ್ಡಿನ ತಗಡು ಹಾರಿತು. ಕೊನೆಗೆ ಅವಳು ಹೇಳಿದ್ದು ಅಷ್ಟೇ ತಾನೇ, ಉಸಿರು ಕೂಡಿಸಿ ಕೂಡಿಸಿ: 'ಬೇಗ ಬರಬೇಡಿ. ಆದರೆ ಬನ್ನಿ.' ಬರ್ತೀನಿ ಎಂದು ಕೈ ಹಿಡಿದುಕೊಂಡು ಹೇಳಿದವನು ಅವನು. ಆ ಮಾತು ಇಟ್ಟುಕೊಂಡೇ ಇಷ್ಟು ವರ್ಷ ಒಬ್ಬನೇ ಎದ್ದು ಒಬ್ಬನೇ ಮಲಗಿದ್ದ. ಆ ಜಾಗವನ್ನು ಕೇಳುವ ಹಕ್ಕು ಯಾರಿಗೂ ಇಲ್ಲ. ಯಾರೂ ಕೇಳಿಯೂ ಇರಲಿಲ್ಲ. ಮುದುಕಿಗೆ ಆ ಜಾಗದ ಸುದ್ದಿಯೇ ಗೊತ್ತಿರಲಿಲ್ಲ.

ಅವನಿಗೆ ಸಿಟ್ಟು ಬಂತು. ಸಭೆಯ ಹಿರಿಯರ ಮನೆತನಕ್ಕೆ ಇಡೀ ಒಂದು ಸಾಲು ಇತ್ತಲ್ಲ, ಅವರ ಅಜ್ಜನ ನಾಯಿಯೊಂದನ್ನು ಬಿಟ್ಟು ಎಲ್ಲರೂ ಅಲ್ಲೇ ಮಲಗಿದ್ದಾರೆ, ಅವರು ಒಬ್ಬರೂ ಕೊಡಲಿಲ್ಲ, ತಾನೊಬ್ಬನೇ ಸಿಕ್ಕಿದ್ದೇ? ಯಾರಿಗೆ ಸಿಕ್ಕಿದ್ದು, ಯಾರು ಹಿಡಿದದ್ದು, ಅದೂ ತಿಳಿಯಲಿಲ್ಲ. ಬೀದಿಯಲ್ಲಿ ಮಕ್ಕಳು ಶಾಲೆಗೆ ಹೋಗುತ್ತಿದ್ದವು, ಹಾಲಿನ ಗಾಡಿ ಖಾಲಿ ಸೀಸೆಗಳನ್ನು ಕುಣಿಸಿಕೊಂಡು ವಾಪಸು ಹೋಗುತ್ತಿತ್ತು, ಅವನು ಕಲ್ಲುಪುಡಿಯ ನಡುವೆ ನಿಂತು ಕಾಣದ ಯಾರದೋ ಜೊತೆ ವಾದಿಸುತ್ತಿದ್ದ. ಕೋಟು ಎಲ್ಲಿ? ಗೂಟದಲ್ಲಿತ್ತಲ್ಲ ಕೋಟು, ಎಲ್ಲಿ ಹೋಯಿತು? ಕೊಟ್ಟೆ ಎಂದಿದ್ದಳು ಹೆಂಡತಿ ಒಂದು ಸಲ. ಯಾರಿಗೇ? ಬಾಗಿಲಿಗೆ ಒಬ್ಬ ಬಂದಿದ್ದ, ನಡುಗುತ್ತಿದ್ದ. ನಾನೂ ನಡುಗುತ್ತಾ ಇದ್ದೀನಲ್ಲೇ ಮಹಾತಾಯಿ! ನಿಮಗೆ ನಾನಿದ್ದೀನಲ್ಲ ಎಂದು ಒಲೆಯ ಕಡೆ ತಿರುಗಿ ನಗುತ್ತಿದ್ದಳು, ನಗು ತೋರಬಾರದೆಂದು. ಪಾತ್ರೆ ಕೊಟ್ಟಳು, ಕಂಬಳಿ ಕೊಟ್ಟಳು, ಅವನ ಹೊಸ ಚಪ್ಪಲಿಯನ್ನು ಅವನು ಸ್ನಾನಕ್ಕೆ ಹೋದಾಗ ಕೊಟ್ಟಳು. ಈ ಮನೆಯಲ್ಲಿ ಇನ್ನು ಯಾರಿಗೂ ಕೊಡದೆ ಉಳಿದಿರೋದು ನಾನೊಬ್ಬನೇ ಎಂದು ಅವನು ಬಂದವರೆದುರೆಲ್ಲ ದೂರುತ್ತಿದ್ದ. ಅವಳು ಕೊಟ್ಟದ್ದೆಲ್ಲ ಮನೆಯಲ್ಲಿ ಬೇಕಾಗಿದ್ದ ವಸ್ತು. ಅವನ ಕಲ್ಲುಗಳ ಹಾಗೆ ಒಂದನ್ನೂ ತಿರುಗಿಸಿ ಕೊಟ್ಟಿರಲಿಲ್ಲ.

ತಾನು ಕೊಟ್ಟದ್ದೇನು? ನೆನಪಿನ ಜೇಬುಗಳನ್ನೆಲ್ಲ ಹೊರಕ್ಕೆ ಎಳೆದು ನೋಡಿದ. ಕೆಟ್ಟ ಕಲ್ಲು. ಮೊಂಡಾದ ಉಳಿಗಳು. ಅಳಿಯನಿಗೆ ಬಿಗಿಯಾದ ಅಂಗಿ. ತನಗೆ ಬೇಡದ್ದನ್ನು ಬಿಟ್ಟರೆ ಒಂದು ಕಡ್ಡಿಯನ್ನೂ ಅವನು ಯಾರಿಗೂ ಕೊಟ್ಟಿರಲಿಲ್ಲ. ಇಷ್ಟು ಖಾಲಿಯೇ ನಾನು ಎಂದು ನಾಚಿಕೆಯಿಂದ ಮೈ ಬಿಸಿಯಾಯಿತು. ಆ ಬಿಸಿಯಲ್ಲೇ ನಿಂತಿದ್ದ, ಇನ್ನೂ ನಿಂತಿದ್ದ, ಆಗ ಆ ಯೋಚನೆ ಮಗ್ಗುಲು ಬದಲಾಯಿಸಿತು. ಖಾಲಿ ಎಲ್ಲಿ? ಒಂದು ಇದೆಯಲ್ಲ. ತನಗೆ ಬೇಕೇ ಬೇಕಾದದ್ದು, ಜೀವಕ್ಕಿಂತ ಹೆಚ್ಚಾಗಿ ಬೇಕಾದದ್ದು, ಈ ಲೋಕದಲ್ಲಿ ಯಾರ ಹತ್ತಿರವೂ ಇಲ್ಲದ್ದು, ತನ್ನ ಕೈಯಲ್ಲಿದೆ! ಇಷ್ಟು ವಯಸ್ಸಾದ ಮೇಲೆ ಕೊಡಲು ಯೋಗ್ಯವಾದದ್ದು ಒಂದು ತನ್ನ ಹತ್ತಿರ ಉಳಿದಿದೆ ಎಂಬುದೇ ಅವನಿಗೆ ಎಷ್ಟು ದೊಡ್ಡ ಸುದ್ದಿಯಾಗಿ ಕಂಡಿತೆಂದರೆ, ಬಾಗಿಲು ಹಾಕುವುದನ್ನೂ ಮರೆತು, ಉಳಿ ಸುತ್ತಿಗೆ ಕೈಯಲ್ಲೇ ಹಿಡಿದು, ಪುಡಿ ಮೆತ್ತಿದ ಅಂಗಿಯಲ್ಲೇ ಚರ್ಚಿನ ಕಡೆ ಹೊರಟ. ನಡೆಯಲು ಹೊರಟವನು ಓಡುತ್ತಿದ್ದ. ತರಕಾರಿಯವಳು 'ಏನ್ ಮಾವ, ಎಲ್ಲಾದರೂ ಬೆಂಕಿ ಬಿತ್ತಾ?' ಎಂದಳು.

ಅಯ್ಯನವರು ಅಂಗಿಯ ತೋಳು ಮಡಚಿ ಅಂತ್ಯಕ್ರಿಯೆಗೆಂದು ಬೆಂಚುಗಳ ಧೂಳು ಹೊಡೆಯುತ್ತಿದ್ದರು. ತನ್ನ ಜಾಗ ಆ ಹುಡುಗಿಗಾಗಲಿ ಎಂಬ ಅವನ ಮಾತು ಕೇಳಿ ಬಟ್ಟೆ ಕೈಯಲ್ಲೇ ನಿಂತಿತು.

'ಕಲ್ಲುಮಾವ, ಸ್ವಲ್ಪ ಕೂತ್ಕೊಳ್ಳಿ. ನೀವು ಕೊಡೋದು ಹೆಚ್ಚೇ. ಆದರೆ ಇದು... ಇದನ್ನ ಯಾರೂ ನಿಮ್ಮಿಂದ ಕೇಳಲ್ಲ.'

'ಕೇಳಿದ್ದರೆ ಇಲ್ಲ ಅಂದುಬಿಡ್ತಿದ್ದೆ ಅಯ್ಯನವರೇ. ಕೇಳದೇ ಹೋದದ್ದೇ ಕೆಟ್ಟದ್ದಾಯ್ತು.'

'ನಾಳೆ ನಿಮಗೇ ಪಶ್ಚಾತ್ತಾಪ ಆದರೆ? ಸಮಿತಿಯವರನ್ನೂ ಒಂದು ಮಾತು ಕೇಳಬೇಕಲ್ಲ.'

'ನಾಳೆಗೆ ಗುಂಡಿ ಮುಚ್ಚಿರುತ್ತೆ. ಅದಕ್ಕೇ ಇವತ್ತೇ ಆಗಲಿ ಅನ್ನೋದು. ಸಮಿತಿಯವರನ್ನ ನಾನು ನೋಡ್ಕೊಳ್ತೀನಿ, ಅವರ ಅಪ್ಪಂದಿರ ಹೆಸರೆಲ್ಲ ಕೆತ್ತಿದವನು ನಾನೇ.'

ಪಾದ್ರಿ ಅವನ ಮುಖವನ್ನೇ ನೋಡಿದರು. ತನ್ನ ಸಮಾಧಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟ, ಪವಿತ್ರ ಗ್ರಂಥದ ಯಾರದೋ ಹಳೆಯ ಸಂಗತಿ ಜ್ಞಾಪಕಕ್ಕೆ ಬಂದವರ ಹಾಗೆ ಬಾಯಿ ತೆರೆದರು. 'ಬೇಡ' ಎಂದು ಅವನು ಕೈಯೆತ್ತಿದ. 'ಯಾರಿಗೂ ನನ್ನನ್ನ ಹೋಲಿಸಬೇಡಿ. ಬರೋ ಭಾನುವಾರ ಪೀಠದ ಮೇಲಿಂದ ಏನಾದರೂ ಅಂದಿರೋ, ನಾನು ಎದ್ದು ಆಚೆ ಹೋಗ್ತೀನಿ. ದಾರದಮ್ಮನಿಗೆ ಜಾಗ ಸಿಕ್ಕಿತು ಅಂತ ಹೇಳಿ, ಸಾಕು. ಅದರಲ್ಲಿ ಸುಳ್ಳೇನಿಲ್ಲವಲ್ಲ.' ಪಾದ್ರಿಯ ಕಣ್ಣು ತುಂಬಿತು. ಪಾಪ, ಎಳೆ ಹುಡುಗ ಎಂದು ಅವರಿಗೆ ಸಮಾಧಾನ ಹೇಳುವ ಮನಸ್ಸು ಅವನಿಗೇ ಆಯಿತು.

ಗುಂಡಿ ತೋಡುವವನು ವ್ಯಾನಿನ ದಿನವೆಂದರೆ ತನಗೆ ಕೆಲಸವಿಲ್ಲವೆಂದು ಬೇಲಿಯ ಹತ್ತಿರ ಮಲಗಿದ್ದ. ಎದ್ದು ಬಂದು ಜಾಗ ನೋಡಿ, ಅವನನ್ನು ನೋಡಿ, 'ಯಾಕೆ ಮೇಸ್ತ್ರಿಗಳೇ, ಹುಷಾರಿಲ್ವಾ?' ಎಂದ. ವಿಷಯ ತಿಳಿದದ್ದೇ, ಇಡೀ ದಿನ ಬಾಯಿ ಮುಚ್ಚದ ಆ ಆಸಾಮಿ ಸೀದಾ ಹಾರೆ ಎತ್ತಿಕೊಂಡ. ಹುಲ್ಲಿಗೆ ಮೊದಲ ಏಟು ಬಿದ್ದಾಗ ತನ್ನ ಪಕ್ಕೆಲುಬಿಗೇ ಬಿದ್ದಂತೆ ಅವನು ಮುಖ ತಿರುಗಿಸಿದ. ಅದೊಂದು ಸಲ ಅಷ್ಟೇ. ಆಮೇಲೆ ಅವನೂ ಕಲ್ಲಿನ ಮುಂದೆ ಮಂಡಿಯೂರಿ, ಮೊದಲು ಅಡ್ಡಗೆರೆಯ ಮೇಲೆ ಉಳಿಯಿಟ್ಟ. ಕಿಡಿ ಹಾರಿತು. ಅಯ್ಯೋ, ಎಷ್ಟು ಆಳ ಹೊಡೆದಿದ್ದೆ! ಬೇರೆಯವರ ಹೆಸರಿಗೆ ಎಷ್ಟು ಬೇಕೋ ಅಷ್ಟು, ತನ್ನದಕ್ಕೆ ಮಾತ್ರ ಲೋಕ ಮುಗಿಯುವ ತನಕ ಮಳೆ ಸುರಿದರೂ ಸವೆಯಬಾರದು ಎನ್ನುವಷ್ಟು. ಆ ಜಂಬಕ್ಕೆಲ್ಲ ಈಗ ತೋಳು ದಂಡ ತೆರಬೇಕಾಯಿತು. ಹೊಡೆದ, ಬೆವರಿದ, ಬೈದುಕೊಂಡ, ಮತ್ತೆ ಹೊಡೆದ. ಅಡ್ಡಗೆರೆ ಹೋದದ್ದೇ ತಡ, ಉಸಿರು ಸಲೀಸಾಯಿತು. ಅದರಾಚೆಯ ಖಾಲಿ ಜಾಗ ಪ್ರತಿ ಭಾನುವಾರ ಯಾವಾಗ ಯಾವಾಗ ಎಂದು ಕೇಳುತ್ತಿದ್ದದ್ದು ಈಗ ಬರೀ ಕಲ್ಲಾಗಿತ್ತು, ಯಾವುದನ್ನೂ ಕೇಳುತ್ತಿರಲಿಲ್ಲ. ಇಸವಿ ಹೋಯಿತು, ಹೆಸರಿನ ಕೊನೆಯ ಅಕ್ಷರ ಹೋಯಿತು. ಇಷ್ಟು ವರ್ಷದ ಕಸುಬಿನಲ್ಲಿ ಇದಕ್ಕಿಂತ ಖುಷಿಯಾಗಿ ಒಂದು ಹೆಸರನ್ನೂ ಕೆತ್ತಿರಲಿಲ್ಲ. ಬಾಯಲ್ಲಿ ಒಂದು ಕೀರ್ತನೆ ಹೊರಟಿತ್ತು, ರಾಗ ಎಲ್ಲೋ, ಸುತ್ತಿಗೆ ಎಲ್ಲೋ.

'ಅಪ್ಪಾ! ಏನ್ ಮಾಡ್ತಿದ್ದೀಯಾ?'

ಮಗಳು. ಊಟದ ಡಬ್ಬಿ ಹಿಡಿದು ಶೆಡ್ಡಿಗೆ ಹೋಗಿ, ಬಾಗಿಲು ಹಾರುಹೊಡೆದಿದ್ದು ನೋಡಿ, ಕೇಳಿಕೊಂಡು ಕೇಳಿಕೊಂಡು ಇಲ್ಲಿಗೆ ಬಂದಿದ್ದಳು. ಅಗೆದ ಮಣ್ಣು ನೋಡಿದಳು, ಅರ್ಧ ಅಳಿಸಿದ ಹೆಸರು ನೋಡಿದಳು. ಅವನು ಹೇಳಿದ. ಮುದುಕಿ, ಬಸ್ಸು, ಏರು ದಾರಿ ಎಲ್ಲವನ್ನೂ ಒಂದರ ಮೇಲೊಂದು ಹೇಳಿದ.

'ಅಮ್ಮನ ಪಕ್ಕ ಯಾರನ್ನೋ ತಂದು ಮಲಗಿಸ್ತೀಯಾ? ನನ್ನನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ವಾ ನಿನಗೆ?'

ಅದು ನಿಜ, ಕೇಳಬೇಕಿತ್ತು. ಸುತ್ತಿಗೆ ಕೆಳಗಿಟ್ಟ. 'ತಪ್ಪಾಯ್ತು ಕಣಮ್ಮ. ಕೇಳಿದ್ದರೆ ನೀನು ಅಳ್ತಿದ್ದೆ. ನೀನು ಅತ್ತರೆ ನನ್ನ ಕೈಲಿ ಆಗ್ತಿರಲಿಲ್ಲ.'

'ನಾಳೆ ನಿನ್ನನ್ನ ಎಲ್ಲಿಡಲಿ ನಾನು? ಆ ಬೆಟ್ಟದ ಮೇಲೆ ಒಬ್ಬನೇ ಬಿಟ್ಟು ಬರಲಾ? ಅಮ್ಮನ್ನ ನೋಡೋಕೆ ಇಲ್ಲಿ, ನಿನ್ನನ್ನ ನೋಡೋಕೆ ಅಲ್ಲಿ ಅಂತ ಅಲೆಯಲಾ?'

'ನಿನಗೆ ಕಣ್ಣಿದೆ, ಕಾಲಿದೆ, ಬಸ್ ಹತ್ತೋಕೆ ಬರುತ್ತೆ. ಅವಳಿಗೆ ಈ ಗೇಟೇ ಕೊನೆ. ನನಗೇನು ಕಷ್ಟ ಹೇಳು, ನನ್ನನ್ನ ವ್ಯಾನಲ್ಲಿ ಕರ್ಕೊಂಡು ಹೋಗ್ತಾರೆ. ನಾನೇನು ಏರು ಹತ್ತಬೇಕಾ?'

ಮಗಳಿಗೆ ಅಳುವಿನ ನಡುವೆಯೇ ನಗು ನುಗ್ಗಿ ಬಂತು, ಅದಕ್ಕೆ ಇನ್ನೂ ಸಿಟ್ಟಾದಳು. ಗುಂಡಿಯವನು ಸಲಿಕೆಗೆ ಒರಗಿ ಆಕಾಶ ನೋಡುತ್ತಿದ್ದ. 'ಅದು ನಂದು ಅಂತ ನಾನು ತಿಳ್ಕೊಂಡಿದ್ದೆ ಮಗಳೇ' ಎಂದ ಅಪ್ಪ, ದನಿ ತಗ್ಗಿತ್ತು. 'ನಂದಾಗಿರಲಿಲ್ಲ. ನನ್ನ ಕೈಲಿ ಕೊಟ್ಟು ನೋಡ್ಕೊಂಡಿರು ಅಂದಿದ್ದರು. ನೋಡ್ಕೊಂಡೆ. ಈಗ ಅದರ ಯಜಮಾನರು ಕೇಳ್ತಾ ಇದ್ದಾರೆ.' ಮಗಳು ತಾಯಿಯ ಸಮಾಧಿಯ ಅಂಚಿನ ಮೇಲೆ ಕೂತಳು. ಆಮೇಲೆ ಎದ್ದು, ತಾಯಿಯ ಸಮಾಧಿಯ ಮೇಲೆ ಹಾರಿ ಬಿದ್ದಿದ್ದ ಕಲ್ಲಿನ ಚೂರುಗಳನ್ನು ಸೆರಗಿನ ತುದಿಯಿಂದ ಗುಡಿಸತೊಡಗಿದಳು. 'ಆ ಕೊನೇ ಅಕ್ಷರ ಸರಿಯಾಗಿ ಹೋಗಿಲ್ಲ ನೋಡು' ಎಂದಳು. 'ಬೇಗ ಮುಗಿಸು. ಊಟ ಆರಿಹೋಗ್ತಿದೆ.'

ಹೆಸರಿದ್ದ ಕಡೆ ತಗ್ಗಾದ, ಹೊಸದಾದ, ಬೆಳ್ಳಗಿನ ಕಲ್ಲು ಮೂಡಿತು. ನಾಳೆ ಅಲ್ಲಿ ಹುಡುಗಿಯ ಹೆಸರು ಬರುತ್ತದೆ, ತಾಯಿಯ ಬೆರಳು ಹುಡುಕದೆಯೇ ಸಿಕ್ಕುವಷ್ಟು ಆಳವಾಗಿ. ಊಟ ಮುಗಿಸಿ ಕೈ ತೊಳೆಯುವಷ್ಟರಲ್ಲಿ ಗುಂಡಿಯೊಳಗಿಂದ ಹಾರೆ ಟಣ್ಣೆಂದಿತು. 'ಮೇಸ್ತ್ರಿಗಳೇ, ನಿಮ್ಮ ಕಸುಬು ನಿಮಗಿಂತ ಮೊದಲೇ ಬಂದು ಕೂತಿದೆ ಇಲ್ಲಿ! ಕಾಲ ಕಡೆ ಬಂಡೆ. ಹಾರೆಗೆ ಬಗ್ಗಲ್ಲ.' ಅತ್ತ ಗೇಟಿನ ಹೊರಗೆ ವ್ಯಾನು ಬಂದು ನಿಂತ ಸದ್ದು. ಪೆಟ್ಟಿಗೆ ಚರ್ಚಿನ ಒಳಗೆ ಹೋಯಿತು, ಹಾಡು ಶುರುವಾಯಿತು. ಹೊತ್ತಿಲ್ಲ. ಅವನು ಗುಂಡಿಯವನನ್ನು ಮೇಲಕ್ಕೆ ಹತ್ತಿಸಿ, ತಾನೇ ಉಳಿ ಸುತ್ತಿಗೆ ಕಚ್ಚೆಗೆ ಸಿಕ್ಕಿಸಿಕೊಂಡು ಒಳಗಿಳಿದ. ಮಗಳು 'ಅಪ್ಪಾ, ನಿನ್ನ ಮಂಡಿ!' ಎಂದದ್ದು ತಲೆಯ ಮೇಲೆಲ್ಲೋ ಕೇಳಿಸಿತು.

ಒಳಗೆ ತಂಪು. ಬೇರುಗಳ ವಾಸನೆ. ಇಲ್ಲಿಗೆ ಒಂದು ದಿನ ಕಣ್ಣು ಮುಚ್ಚಿ ಬರುವವನಿದ್ದೆ, ಕಣ್ಣು ಬಿಟ್ಟುಕೊಂಡೇ ಬಂದುಬಿಟ್ಟೆ ಎನ್ನಿಸಿ ಮೈ ಜುಮ್ಮೆಂದಿತು. ಬಂಡೆಯ ಮೂತಿಗೆ ಉಳಿಯಿಟ್ಟು ಹೊಡೆದ. ಕಲ್ಲಿನ ಎಳೆ ಯಾವ ಕಡೆ ಹೋಗುತ್ತದೆಂದು ಕೈಗೆ ಗೊತ್ತಿತ್ತು, ಹಾಳೆ ಹಾಳೆಯ ಹಾಗೆ ಬಿಟ್ಟುಕೊಂಡಿತು. ಚೂರುಗಳನ್ನು ಬಾಂಡ್ಲಿಗೆ ತುಂಬಿ ಮೇಲಕ್ಕೆ ಕೊಟ್ಟ, ನೆಲ ಸಮ ಮಾಡಿದ, ಹುಡುಗಿಯ ಬೆನ್ನಿಗೆ ಒತ್ತಬಾರದೆಂದು ಅಂಗೈಯಿಂದ ಸವರಿ ಸವರಿ ನೋಡಿದ. ನೆಟ್ಟಗಾಗಿ ನಿಂತಾಗ ಬಲಗೈ ಪಕ್ಕದ ಮಣ್ಣಿನ ಗೋಡೆಗೆ ತಾಗಿತು. ಆ ಗೋಡೆಯ ಆಚೆ ಅವಳಿದ್ದಳು. ಇಷ್ಟು ಹತ್ತಿರ ಬಂದು ಎಷ್ಟು ಕಾಲವಾಗಿತ್ತು! ಇಡೀ ಅಂಗೈ ಊರಿದ. ಮೇಲೆ ಹಾಡು ಮುಗಿದು ಹೆಜ್ಜೆಗಳು ಹಿತ್ತಿಲ ಕಡೆ ತಿರುಗಿದ್ದವು. 'ಬರ್ತೀನಿ ಕಣೇ' ಎಂದ, ಮಣ್ಣಿಗೆ ಬಾಯಿ ಹತ್ತಿರ ತಂದು. 'ಕೊಟ್ಟ ಮಾತು ತಪ್ಪಲ್ಲ. ದಾರಿ ಸ್ವಲ್ಪ ಸುತ್ತು, ಅಷ್ಟೇ. ಅಲ್ಲೀವರೆಗೆ ಈ ಹುಡುಗೀನ ನೋಡ್ಕೋ, ಒಬ್ಬಳೇ ಮಲಗೋಕೆ ಹೆದರ್ತಾಳಂತೆ.' ಹೇಳುತ್ತಿದ್ದಂತೆ ಅಳು ಬಂತು. ಅಳಲಿ ಎಂದು ಬಿಟ್ಟ. ಅದರ ಅಡಿಯಿಂದಲೇ ಇನ್ನೊಂದು ಏನೋ ಉಕ್ಕಿ ಬರುತ್ತಿತ್ತು, ಎದೆ ಹಿಡಿಸದಷ್ಟು ಸಂತೋಷ, ತನ್ನದು ಎಂದು ಹೇಳಿಕೊಳ್ಳಲು ಇನ್ನು ಏನೂ ಉಳಿಯದವನ ಸಂತೋಷ. ಇಷ್ಟು ಶ್ರೀಮಂತನಾಗಿ ಅವನು ಯಾವತ್ತೂ ಇರಲಿಲ್ಲ.

ಗುಂಡಿಯ ಅಂಚಿಗೆ ನೆರಳುಗಳು ಬಂದು ನಿಂತವು. ಪೆಟ್ಟಿಗೆ ಹೊತ್ತವರು, ಪುಸ್ತಕ ಹಿಡಿದ ಅಯ್ಯನವರು, ಅವರ ತೋಳು ಹಿಡಿದ ದಾರದಮ್ಮ. ಮುದುಕಿ ತಲೆ ಓರೆ ಮಾಡಿ ಕೆಳಗಿನ ಉಸಿರಾಟ ಕೇಳಿಸಿಕೊಂಡಳು.

'ಯಾರಪ್ಪಾ ಅದು ಒಳಗೆ?'

'ನಾನಮ್ಮ. ಕಲ್ಲಿನವನು. ನೆಲ ಸರಿ ಮಾಡ್ತಿದ್ದೆ.'

'ಆಯ್ತಲ್ಲ, ಮೇಲೆ ಬಾ ಮತ್ತೆ' ಎಂದಳು, ಅವಸರದಿಂದ, ಅಧಿಕಾರದಿಂದ, ಮಗಳ ಕೋಣೆಯಿಂದ ಬೇರೆಯವರನ್ನು ಎಬ್ಬಿಸುವ ತಾಯಿಯ ಹಾಗೆ. 'ಅಲ್ಯಾಕೆ ನಿಂತಿದ್ದೀಯ? ಅದು ನಿನ್ನ ಜಾಗ ಅಲ್ಲ, ನನ್ನ ಮಗಳದು.'

ಪೆಟ್ಟಿಗೆ ಹೊತ್ತವರಲ್ಲಿ ಒಬ್ಬ ಅಳಿಸಿದ ಕಲ್ಲಿನ ಕಡೆ ನೋಡಿ ತಲೆ ಕೆಳಗೆ ಹಾಕಿದ. ಅಯ್ಯನವರ ಬಾಯಿ ತೆರೆಯಿತು. ಅವರು ಏನಾದರೂ ಹೇಳಿ ಎಲ್ಲ ಕೆಡಿಸುವ ಮೊದಲು ಅವನು ಕೆಳಗಿಂದ ದೊಡ್ಡ ದನಿಯಲ್ಲಿ, ಮೂಗು ಒರೆಸಿಕೊಳ್ಳುತ್ತಾ, 'ಹೌದಮ್ಮ ಹೌದು, ನಿಮ್ಮ ಮಗಳದೇ! ಇದೋ ಬಂದೆ!' ಎಂದು ಕೂಗಿ ಎರಡೂ ಕೈ ಮೇಲಕ್ಕೆ ಚಾಚಿದ. ಒಂದನ್ನು ಮಗಳು ಹಿಡಿದಳು. ಇನ್ನೊಂದನ್ನು ಗಾಳಿಯಲ್ಲಿ ತಡವರಿಸಿ ಮುದುಕಿಯೇ ಹಿಡಿದಳು, ಅವಳ ಹಿಂದೆ ಗುಂಡಿಯವನು ಅವನ ಕಾಲರಿಗೆ ಕೈ ಹಾಕಿದ. ಎಳೆದರು. ಮಣ್ಣು ಜರಿಯಿತು, ಕಾಲು ಜಾರಿತು, ಮತ್ತೆ ಎಳೆದರು. ಮೊದಲು ಬಿಸಿಲು ಕಣ್ಣಿಗೆ ಬಿತ್ತು, ಆಮೇಲೆ ಹುಲ್ಲು ಎದೆಗೆ ತಾಗಿತು. ತಲೆಯಿಂದ ಪಾದದವರೆಗೆ ಮಣ್ಣಾಗಿ ಅವನು ತನ್ನ ಸಮಾಧಿಯಿಂದ ಎದ್ದು ಬಂದು ಜನರ ನಡುವೆ ನಿಂತ, ನಿಂತು ನಗುತ್ತಿದ್ದ, ನಿಲ್ಲಿಸಲಾಗದೆ ನಗುತ್ತಿದ್ದ.